ಆಗದೇ ಇದ್ದುದರ ಲೆಕ್ಕ

ನನ್ನ ಮಗಳಿಗೆ ಚಿಕ್ಕಂದಿನಿಂದಲೂ ಕನ್ನಡದ ಒಂದು ಪದದ ಮೇಲೆ ಸಿಟ್ಟು. ‘ಹಾಡು ಕೇಳು ಅಂತೀಯ, ಪ್ರಶ್ನೆ ಕೇಳು ಅಂತಾನೂ ಅಂತೀಯ. ಕಿವಿಗೂ ಬಾಯಿಗೂ ಒಂದೇ ವರ್ಡಾ? ಶಾರ್ಟೇಜಾ ಅಪ್ಪ?’ ಎಂದು ಸ್ಯಾನ್ ಡಿಯಾಗೋದ ಫ್ರೀವೇ ಉದ್ದಕ್ಕೂ ನನ್ನ ತಲೆ ತಿನ್ನುತ್ತಿದ್ದಳು. ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಮಾತು ಅರ್ಧ ಇಂಗ್ಲಿಷ್, ಅರ್ಧ ಕನ್ನಡ.

ಕಾಲೇಜಿಗೆಂದು ಲಾಸ್ ಏಂಜಲಿಸ್‌ಗೆ ಹೋದವಳು ರಾಜ್ಯದ ಸೇನಾಪಡೆ ಸೇರಿದಳು. ಕಾಡ್ಗಿಚ್ಚು, ಭೂಕಂಪ ಎಂದರೆ ಗವರ್ನರ್ ಕರೆಯುವ ಪಡೆ ಅದು. ಮಿಕ್ಕಂತೆ ತಿಂಗಳಿಗೊಂದು ವಾರಾಂತ್ಯ ಡ್ರಿಲ್. ಕೋವಿಡ್ ಕಾಲದಲ್ಲಿ ಸಮವಸ್ತ್ರ ತೊಟ್ಟು, ಜನರಿಗೆ ಹಂಚುವ ಅಕ್ಕಿ ಮೂಟೆ ಹೊತ್ತ ಫೋಟೋ ಕಳಿಸಿದ್ದಳು. ಅದನ್ನು ಕಂಡಕಂಡವರಿಗೆಲ್ಲ ಕಳಿಸಿ ನಾನು ಬೀಗಿದ್ದೇ ಬೀಗಿದ್ದು.

ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಫೋನ್ ಮಾಡಿದಳು. ಪಡೆಯೊಳಗೆ ಲೈಂಗಿಕ ದೌರ್ಜನ್ಯ ತಡೆಯಲು ಒಂದು ಕಾರ್ಯಕ್ರಮವಿದೆ, ಅದರ ಖರ್ಚು ಹೆಚ್ಚಾಯಿತೆಂದು ಮೇಲಿನವರು ಪರಿಶೀಲನೆಗೆ ಸಭೆ ಕರೆದಿದ್ದಾರೆ, ಅಲ್ಲಿ ತಾನೂ ಮಾತಾಡಬೇಕು ಎಂದಳು. ನಾನು ಕಾರ್ಲ್ಸ್‌ಬಾಡ್‌ನ ಒಂದು ಔಷಧ ಕಂಪನಿಯಲ್ಲಿ ಬಜೆಟ್ ನೋಡಿಕೊಳ್ಳುವವನು.

‘ಆಗದೇ ಇರೋದನ್ನ ಲೆಕ್ಕದಲ್ಲಿ ಹೇಗೆ ತೋರ್ಸೋದು ಅಪ್ಪ?’

ನನ್ನ ಕಸುಬಿನ ಪ್ರಶ್ನೆ, ಹುರುಪು ಬಂತು. ‘ಮೊದ್ಲು ಕಂಪ್ಲೇಂಟ್ ಕಡಿಮೆ ಆಗಿದ್ಯಾ ನೋಡು.’

‘ಜಾಸ್ತಿ ಆಗಿದೆ.’

‘ಹಾಗಾದ್ರೆ ಪ್ರೋಗ್ರಾಂ ಫೇಲ್ ತಾನೆ?’

‘ಮುಂಚೆ ಯಾರೂ ಬಾಯೇ ಬಿಡ್ತಿರ್ಲಿಲ್ಲ. ಈಗ ಬಂದು ಹೇಳ್ತಾರೆ. ಫೇಲಾ, ಪಾಸಾ?’

ನಾನು ತಬ್ಬಿಬ್ಬಾದೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಬಾಬತ್ತು ಕಂಡವನಲ್ಲ. ಸೋಲೊಪ್ಪದೆ, ದೊಡ್ಡ ಖರ್ಚು ಯಾವುದೆಂದು ವಿಚಾರಿಸಿದೆ. ಪಡೆಯ ಒಂದೊಂದು ನೆಲೆಯಲ್ಲೂ ಇದಕ್ಕೆಂದೇ ಒಬ್ಬರು ಕೋಆರ್ಡಿನೇಟರ್ ಇರುತ್ತಾರೆ, ಅವರ ಸಂಬಳ ಎಂದಳು.

‘ಕೇಸ್ ಇಲ್ದೇ ಇದ್ದಾಗ ಅವ್ರು ಏನ್ಮಾಡ್ತಾರೆ?’

‘ಇರ್ತಾರೆ.’

‘ಸುಮ್ನೆ ಇರೋದಕ್ಕೆ ಸಂಬಳಾನಾ? ಎಲ್ಲಾರ್ಗೂ ಸೇರಿ ಒಂದು ಫೋನ್ ಲೈನ್ ಇಟ್ರೆ ಸಾಕಲ್ಲ ಪುಟ್ಟಿ.’

‘ಓಕೆ ಅಪ್ಪ’ ಎಂದು ಫೋನ್ ಇಟ್ಟುಬಿಟ್ಟಳು.

ಆ ‘ಓಕೆ’ ನನಗೆ ಸರಿಕಾಣಲಿಲ್ಲ. ಏನು ತಪ್ಪಿತೆಂದೂ ಗೊತ್ತಾಗಲಿಲ್ಲ. ಪಕ್ಕದಲ್ಲೇ ಕೂತಿದ್ದ ಹೆಂಡತಿ, ‘ಇದು ನಿಮ್ಮ ಆಫೀಸ್ ವಿಷ್ಯ ಅಲ್ಲ ರೀ. ಅವ್ಳನ್ನೇ ಕೇಳಿ’ ಎಂದಳು. ಏನೆಂದು ಕೇಳುವುದು? ಇವಳು ಯಾರ ಪರವಾಗಿ ಮಾತಾಡಲು ಹೊರಟಿದ್ದಾಳೆ? ಯಾರೋ ಗೆಳತಿಯ ಪರವಾಗಿಯೇ ಇರಬೇಕು. ‘ಇಲ್ಲದಿದ್ದರೆ...’ ಎಂಬಲ್ಲಿಗೆ ಬಂದು ಮನಸ್ಸು ನಿಂತುಬಿಡುತ್ತಿತ್ತು. ಹೆದರಿಕೆಯಾಗುತ್ತಿತ್ತು.

ಮುಂದಿನ ಭಾನುವಾರ ನಾನೊಬ್ಬನೇ ಹೋಗಿ, ಡ್ರಿಲ್ ಮುಗಿಸಿದವಳನ್ನು ಹತ್ತಿಸಿಕೊಂಡು ಲಾಸ್ ಏಂಜಲಿಸ್ ಹತ್ತಿರದ ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಡ್ರೈವ್ ಮಾಡಿದೆ. ಪುಳಿಯೋಗರೆ ಖಾಲಿಯಾದೀತೆಂದು ಕಾರು ನಿಲ್ಲುವ ಮೊದಲೇ ಇಳಿಯುವವಳು ಅವತ್ತು ಇಳಿಯಲಿಲ್ಲ. ಬೂಟಿನ ಲೇಸು ಬಿಚ್ಚಿದಳು, ಮತ್ತೆ ಕಟ್ಟಿದಳು.

‘ಫೋನ್ ಲೈನ್ ಸಾಕು ಅಂದ್ಯಲ್ಲ. ನಮ್ಮ ಕೋಆರ್ಡಿನೇಟರ್ ಲೇಡಿ ನಂಗೆ ಗೊತ್ತು. ನನ್ನ ಜೊತೆ ಆಸ್ಪತ್ರೆಗೆ ಬಂದಿದ್ರು. ಆ ಅಕ್ಕಿ ಮೂಟೆ ಫೋಟೋ ಕಳ್ಸಿದ್ನಲ್ಲ, ಆ ತಿಂಗ್ಳು.’

ತಲೆಯೊಳಗೆ ಎಲ್ಲ ಕಲಸಿಹೋಯಿತು. ‘ಆಸ್ಪತ್ರೆಗಾ? ಏನಾಯ್ತು ನಿಂಗೆ? ಯಾರವ್ನು? ನಮಗ್ಯಾಕೆ ಹೇಳ್ಲಿಲ್ಲ? ಪೊಲೀಸ್ನೋರಿಗೆ...’

ಕೈ ಎತ್ತಿ ತಡೆದಳು. ‘ಅಪ್ಪ, ಕೇಳ್ಬೇಡ. ಕೇಳು.’

ಇಂಜಿನ್ ಆಫ್ ಮಾಡಿದೆ. ಅವಳು ಹೇಳಿದಳು. ಅದೆಲ್ಲವನ್ನೂ ಬರೆಯುವ ಹಕ್ಕು ನನ್ನದಲ್ಲ. ಆ ಕೋಆರ್ಡಿನೇಟರ್ ಆಸ್ಪತ್ರೆಯಲ್ಲಿ ಒಂದು ಪ್ರಶ್ನೆಯನ್ನೂ ಹಾಕದೆ, ಇವಳಾಗಿ ಬಾಯಿ ಬಿಡುವ ತನಕ ಪಕ್ಕದಲ್ಲಿ ಇದ್ದರಂತೆ. ಸುಮ್ಮನೆ ಇದ್ದರಂತೆ. ನಾನು ಫೋನಿನಲ್ಲಿ ಉತ್ಸಾಹದಿಂದ ಹೊಡೆದುಹಾಕಿದ್ದು ಅವರ ಸಂಬಳವನ್ನು.

ಸಿಟ್ಟು ಉಕ್ಕಿ ಬಂತು. ಅವನ ಮೇಲೋ, ಆ ಪಡೆಯ ಮೇಲೋ, ನಾನು ಕೇಳಬೇಕಾಗಿದ್ದನ್ನು ನನಗಿಂತ ಮೊದಲೇ ಕೇಳಿಸಿಕೊಂಡ ಆ ಹೆಂಗಸಿನ ಮೇಲೋ ತಿಳಿಯಲಿಲ್ಲ. ಅವರ ಕಾಲಿಗೆ ಬೀಳಬೇಕೆಂದು ಅನ್ನಿಸಿದ್ದೂ ಆಗಲೇ. ಎರಡೂ ಒಟ್ಟಿಗೆ ಹೇಗೆ ಅನ್ನಿಸುತ್ತದೋ, ಈಗಲೂ ನನಗೆ ಬಗೆಹರಿದಿಲ್ಲ.

‘ಮೀಟಿಂಗಿಗೆ ನೀನೂ ಬರ್ತೀಯಾ?’ ಎಂದಳು.

‘ಬಂದು ಏನು ಹೇಳ್ಲಿ?’

‘ಏನೂ ಹೇಳ್ಬೇಡ. ಸುಮ್ನೆ ಇರು.’

ಹೋದೆ. ಅವಳು ಮಾತಾಡಿ ಮುಗಿಸುವ ತನಕ ಪಕ್ಕದ ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂತಿದ್ದೆ. ಆ ಹುದ್ದೆಗಳು ಉಳಿಯುತ್ತವೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಎದ್ದು ಬರುವಾಗ ನೋಡಿಕೊಂಡರೆ, ಕೈಯಲ್ಲಿದ್ದ ಸಭೆಯ ಕಾಗದ ಮುದ್ದೆಯಾಗಿತ್ತು. ಹಾಗೆ ಕೂತಿರುವ ಕೆಲಸಕ್ಕೆ ಎಷ್ಟು ಸಂಬಳ ಕೊಡಬೇಕೆಂದು ಆಗ ಯಾರಾದರೂ ಕೇಳಿದ್ದರೆ, ನನಗೆ ಹೇಳಲು ಬರುತ್ತಿರಲಿಲ್ಲ.