ಹರ್ಡೋ, ಫ್ಲಾಕೋ

ಜೇವರ್ಗಿಯ ದನದ ದವಾಖಾನೆಯಲ್ಲಿ ನಾನು ಕಾಂಪೌಂಡರ್ ಆಗಿದ್ದಾಗ, ಆಂದೋಲಾ ಊರಿನ ಕುರಿಗಾರ ಮಾಳಪ್ಪನ ಕುರಿಗಳು ಒಂದೊಂದಾಗಿ ಸಾಯತೊಡಗಿದವು. ಹಿಂಡಿಗೆ ಇಂಗ್ಲಿಷಿನಲ್ಲಿ ‘ಹರ್ಡ್’ ಅಂತಾರೆಂದು ನಂಬಿ, ‘ಹರ್ಡಿಗೆ ರೋಗ, ಔಷಧಿ ಕಳಿಸಿ’ ಎಂದು ಜಿಲ್ಲಾ ಕಚೇರಿಗೆ ಇಂಗ್ಲಿಷಿನಲ್ಲಿ ತಾರು, ಅಂದರೆ ಟೆಲಿಗ್ರಾಂ, ಕೊಟ್ಟೆ. ದನಗಳ ಔಷಧಿ ಬಂತು. ಡಿಕ್ಷನರಿ ತೆಗೆದು ನೋಡಿದರೆ, ಕುರಿ ಹಿಂಡಿಗೆ ‘ಫ್ಲಾಕ್’ ಅನ್ನಬೇಕಂತೆ. ಮತ್ತೆ ತಾರು ಕೊಟ್ಟೆ. ಈ ಸಲ ಕೋಳಿಗಳ ಔಷಧಿ ಬಂತು! ಹಕ್ಕಿಗಳ ಗುಂಪಿಗೂ ಅದೇ ಪದವಂತೆ.

“ಸಾಹೇಬ್ರ, ಇವತ್ತ ಮತ್ತ ಎರಡು ಸತ್ತಾವ್ರಿ. ಸುಮ್ನ ಕುರಿ ಅಂತ ಬರದ್ರ ಏನಾಗ್ತದರಿ?” ಅಂದ ಮಾಳಪ್ಪ, ಕಣ್ಣೊರೆಸಿಕೊಳ್ಳುತ್ತ.

ನಾಚಿಕೆಯಾಗಿ ಈ ಸಲ ತಾರಿನಲ್ಲಿ ಕನ್ನಡದಲ್ಲಿ ‘ಕುರಿ’ ಅಂತಲೇ ಬರೆದು ಕಳಿಸಿದೆ. ಮರುದಿನವೇ ಸರಿಯಾದ ಔಷಧಿ ಬಂತು, ಉಳಿದ ಕುರಿಗಳು ಬದುಕಿಕೊಂಡವು. ಔಷಧಿಯ ಜೊತೆಗೆ ಅಚ್ಚಗನ್ನಡದಲ್ಲಿ ಜಿಲ್ಲಾ ಕಚೇರಿಯ ಸಾಹೇಬರ ಚೀಟಿಯೂ ಇತ್ತು: ‘ಇನ್ನು ಮುಂದೆ ತಾರು ಇಂಗ್ಲಿಷಿನಲ್ಲೇ ಇರತಕ್ಕದ್ದು.’