ಸಿಂದಗ್ಯಾಗ ಸಡಿಲ ಮಾಡಿದ ಹಗ್ಗ

ಮೊನ್ನೆ ಮೊಮ್ಮಗಳು ಪಡಸಾಲ್ಯಾಗ ಕುಂತು ಉಗುರಿಗೆ ಬಣ್ಣ ಹಚ್ಕೊಳ್ಳಾಕತ್ತಿದ್ಲು. ಆ ಸಣ್ಣ ಶೀಶೆದ ಬೂಚು ತಗದಾಕ್ಷಣ ಘಾಟು ಅಡಗಿ ಮನಿತನಕ ಬಂತು ನೋಡ್ರಿ, ನಾ ರೊಟ್ಟಿ ಬಡಿಯೂದು ಬಿಟ್ಟು ಹಂಗ ನಿಂತೆ. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಇಂಥದ ವಾಸನಿ ನಮ್ಮ ಮನ್ಯಾಗ ಒಂದು ಕಾಲಕ್ಕ ಮೂರು ತಿಂಗಳು ಇತ್ತು. ಉಗುರಿಗೆ ಹಚ್ಚೂದರದಲ್ಲ, ವಿಮಾನದ ರೆಕ್ಕಿಗೆ ಬಳಿಯೂ ವಾರ್ನಿಸಿನದು.

ನಗಬ್ಯಾಡ್ರಿ. ನಮ್ಮನಿಯವರು ವಿಮಾನ ಕಟ್ಟಿದ್ರು. ಎಪ್ಪತ್ತರ ದಶಕದ ಕೊನಿಗೆ, ಬಸವನ ಬಾಗೇವಾಡ್ಯಾಗ, ನಮ್ಮ ಹಿತ್ತಲದಾಗ. ಮದುವಿಗೆ ಮೊದಲ ಪುಣೇದಾಗ ವಿಮಾನ ರಿಪೇರಿ ಮಾಡೂ ಕಾರಖಾನ್ಯಾಗ ಐದು ವರ್ಷ ದುಡದು ಬಂದಿದ್ರು. ಊರಾಗ ಟ್ರ್ಯಾಕ್ಟರ್ ಮೇಸ್ತ್ರಿ. ಯಾರ ಎಂಜಿನ್ ಕೆಟ್ರೂ ಊಟ ಬಿಟ್ಟು ಓಡಾವ್ರು, ನಮ್ಮ ಮನಿ ಬಾವಿ ರಾಟಿ ಮಾತ್ರ ಆರು ತಿಂಗಳು ಕಿರ್ರ ಅಂತಿತ್ತು. ಮನಿಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಹಂಗ. ವಿಮಾನಕ್ಕ ಹಳೇ ಮೋಟರ್ ಸೈಕಲ್ಲಿನ ಎಂಜಿನ್, ಅಲ್ಯುಮಿನಿಯಂ ಪೈಪು, ತೆಳ್ಳಗ ಸೀಳಿದ ಕಟಗಿ, ಮ್ಯಾಲೆ ಬಟ್ಟಿ. ಆ ಬಟ್ಟಿ ಹೊಲದಾಕಿ ನಾನು. ತವರಿನವರು ಕೊಟ್ಟ ಹೊಲಿಗಿ ಮಷೀನ್ ಮ್ಯಾಲೆ ಓಣಿ ಹೆಣಮಕ್ಕಳ ಜಂಪರ್ ಹೊಲೀತಿದ್ದೆ, ಆ ವರ್ಷ ರೆಕ್ಕಿ ಹೊಲದೆ. ಹೊಲಿಯೂ ಮುಂದ ಚಂದ ಅನಸ್ತಿತ್ತು, ಸುಳ್ಳು ಯಾಕ ಹೇಳಲಿ. ಅದು ಮುಗದು ಇವರು ಅದರಾಗ ಕುಂತು ಮ್ಯಾಲೆ ಹೋಗಾವ್ರು ಅನ್ನೂದು ತಲಿಗೆ ಹೊಕ್ಕದ್ದು ತಡಾ ಆಗಿ. ಹೊಕ್ಕಮ್ಯಾಲೆ ಮಾತ್ರ ಹೊರಗ ಹೋಗಲಿಲ್ಲ.

ನನಗ ಮೊದಲ ಕುಂತಲ್ಲಿ ಕುಂದ್ರೂ ಗುಣ ಇಲ್ಲ. ಹಾಲು ಕಾಸಾಕ ಇಟ್ರೂ ಮೂರು ಸಲ ಬಾಗಿಲಿಗೆ ಹೋಗಿ ಬರಾಕಿ. ಮಗಳಿಗೆ ಆಗ ನಾಕು ವರ್ಷ. ಮಲಗಿದ ಕೂಸಿನ ಮಾರಿ ನೋಡೂದು, ಹಿತ್ತಲಕ್ಕ ಹೋಗಿ ವಿಮಾನ ನೋಡೂದು, ಇಷ್ಟ ಕೆಲಸ. 'ಬ್ಯಾಡ್ರಿ' ಅನ್ನೂ ಮಾತು ದಿನಾ ಬಾಯಿತನಕ ಬರತಿತ್ತು, ದಿನಾ ನುಂಗತಿದ್ದೆ.

ನಮ್ಮ ಕಡೆ ಎರಿ ಭೂಮಿ. ಮಳಿ ಆದ್ರ ಕಾಲು ಬಿಡೂದಿಲ್ಲ, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರುಕು. ಅದರ ಮ್ಯಾಲೆ ವಿಮಾನ ಓಡೂದು ಅಷ್ಟರಾಗ ಐತಿ. ಝಳಕಿ ಹತ್ರ ಇವರ ಗೆಳ್ಯಾನ ಗರಸಿನ ಬಯಲಿತ್ತು, ಕಲ್ಲಿನಂಗ ಗಟ್ಟಿ. ಅಲ್ಲಿಗೆ ಒಯ್ಯೂದಂತ ಆತು. ವಿಜಾಪುರದ ದಾರಿ ಹಿಡದ್ರ ತಂತಿ, ಮಂದಿ, ಪೊಲೀಸರು. ಹಂಗಾಗಿ ಸಿಂದಗಿ, ಇಂಡಿ ಸುತ್ತು ಹಾಕ್ಕೊಂಡು ಹೋಗೂದು. ಮಗಳನ್ನ ಇಂಗಳೇಶ್ವರದಾಗ ನಮ್ಮತ್ತಿ ಹತ್ರ ಬಿಟ್ವಿ. ಟ್ರ್ಯಾಕ್ಟರ್, ಟ್ರೇಲರ್ ಎರಡೂ ಮುದ್ದೇಬಿಹಾಳದ ಮಲ್ಲಪ್ಪಂದು.

ಮಲ್ಲಪ್ಪ ಕಣಿಕಿ ಹೇರೂದರಾಗ ಹೆಸರುವಾಸಿ. ಜ್ವಾಳದ ಕಣಿಕಿ ಮಾಳಗಿ ಎತ್ತರ ಹೇರಿ, ಹಗ್ಗ ಒಗದು, ಕಾಲು ಕೊಟ್ಟು ಜಗ್ಗಿದಾ ಅಂದ್ರ ಒಂದು ದಂಟು ಅಲ್ಲಾಡಬಾರದು. "ಹಗ್ಗ ಬಡದ್ರ ಠಣ್ ಅನಬೇಕ್ರಿ, ಮೇಸ್ತ್ರಿ" ಅಂತ ರೆಕ್ಕಿಗೂ ಕಾಲು ಕೊಡಾಕ ಹೋದ.

ಇವರು ಹೌಹಾರಿದ್ರು. "ಏ ಮಾರಾಯಾ, ಅದು ಕಣಿಕಿ ಅಲ್ಲೋ! ಒಳಗ ಕಟಗಿ ಪಕ್ಕೆಲಬು ಅದಾವ. ನೀ ಬಿಗದ್ರ ಮುರೀತಾವ, ಸಡಿಲ ಬಿಟ್ರ ಬಡಕೊಂಡು ಮುರೀತಾವ."

"ಹಂಗಾರ ಹೆಂಗ ಕಟ್ಟೂದ್ರಿ?"

"ಹಗ್ಗದ ಕೆಳಗ ಎರಡು ಬೆರಳು ಹೋಗಬೇಕು. ಮೂರನೇದು ಹೋಗಬಾರದು."

ಎರಡೂ ರೆಕ್ಕಿ ಬಿಚ್ಚಿ, ಮಲಗಸದ, ಮುಂದಿನ ಅಂಚು ಕೆಳಗ ಮಾಡಿ ನಿಲ್ಲಿಸಿದ್ರು. ಅಡಿಗೆ ಹತ್ತಿ ತುಂಬಿದ ಚೀಲ, ಎರಡರ ನಡಕ ಓಣಿ ಹೆಣಮಕ್ಕಳು ಕೊಟ್ಟ ಹದಿನಾಕು ಕೌದಿ. "ನನ್ನ ಕೌದಿ ಮ್ಯಾಲೆ ಎಣ್ಣಿ ಬಿದ್ರ ನೋಡ ಮತ್ತ" ಅಂತ ಒಬ್ಬಾಕಿ, "ನಂದು ಬಾಣಂತನದ ಕೌದಿ, ಜ್ವಾಕಿ" ಅಂತ ಇನ್ನೊಬ್ಬಾಕಿ. ವಿಮಾನದ ಗಾಲಿಗೆ ಮುಂದ ಹಿಂದ ಕಟಗಿ ತುಂಡು ಕೊಟ್ಟು, ಬಾಲಕ್ಕ ಸೀರಿ ಸುತ್ತಿದ್ರು. ಹೊರಗ ಚಾಚಿದ ರೆಕ್ಕಿ ತುದಿಗೆ ನನ್ನ ಕೆಂಪು ಜಂಪರ್ ತುಂಡು ಕಟ್ಟಿ, ಕಾಯಾಕಂತ ನನ್ನನ್ನ ಟ್ರೇಲರ್ ಒಳಗ ಕುಂದ್ರಿಸಿದ್ರು. ನಾಕು ಮೈಲಿಗೊಮ್ಮೆ ನಿಲ್ಲಿಸಿ ಹಗ್ಗದ ಕೆಳಗ ಬೆರಳು ಹಾಕಿ ನೋಡಾವ್ರು. ಅಷ್ಟು ಜ್ವಾಕೀಲೆ ನನ್ನ ಕೈ ಎಂದೂ ಹಿಡಿದಿರಲಿಲ್ಲ ಬಿಡ್ರಿ.

ಸಿಂದಗ್ಯಾಗ ಇವರು ಪೆಟ್ರೋಲ್ ತರಾಕ ಹೋದ್ರು, ಮಲ್ಲಪ್ಪ ಚಹಾಕ್ಕ ಹೋದ. ಟ್ರೇಲರ್ ಸುತ್ತ ಮಂದಿ ಮುಕರಿತು. ಶೇಂಗಾ ಮಾರೂ ಮುದುಕಿ ಒಬ್ಬಾಕಿ ಕೇಳಿದ್ಲು: "ಇದೇನ ತಂಗಿ?"

"ವಿಮಾನ ಐತ್ರೀ."

"ಯಾರು ಹಾರಸಾವ್ರು?"

"ನಮ್ಮನಿಯವರು."

ಮುದುಕಿ ನನ್ನ ಕೊಳ್ಳಾಗಿನ ತಾಳಿ ನೋಡಿದ್ಲು. "ನಿನಗ ನಿದ್ದಿ ಹೆಂಗ ಬರತೈತವಾ?" ಅಂದ್ಲು. ಒಂದು ಮುಟಗಿ ಶೇಂಗಾ ನನ್ನ ಉಡ್ಯಾಗ ಹಾಕಿ ಹೋದ್ಲು.

ನಿದ್ದಿ ಬರತಿರಲಿಲ್ಲ ನನಗ. ಎರಡು ತಿಂಗಳಾಗಿತ್ತು. ಆಕಿ ಅಂದಮ್ಯಾಲೆ ಕೈ ನನ್ನ ಮಾತು ಕೇಳಲಿಲ್ಲ, ಅಥವಾ ಅವತ್ತ ಖರೇನ ನನ್ನ ಮಾತು ಕೇಳಿತು. ಎಡಗಡೆ ರೆಕ್ಕಿ ಹಗ್ಗದ ಗಂಟು ಬಿಚ್ಚಿ, ಮುಟಗಿ ಹೋಗೂವಷ್ಟು ಸಡಿಲ ಮಾಡಿ ಮತ್ತ ಕಟ್ಟಿದೆ. ರೆಕ್ಕಿ ಮುರೀಲಿ, ಮನಿಷಾ ಉಳೀಲಿ. ಅಷ್ಟ ನನ್ನ ಲೆಕ್ಕ.

ಇವರು ಡಬ್ಬಿ ಹಿಡಕೊಂಡು ಬಂದ್ರು. "ಹಗ್ಗ ನೋಡಿದೆನು?"

"ನೋಡೇನ್ರಿ."

ಹೆಂಡತಿ ಮಾತಂತ ತಾವು ನೋಡಲಿಲ್ಲ. ನಮ್ಮ ಮದಿವ್ಯಾಗಿ ಆರು ವರ್ಷಕ್ಕ ಅದ ನನ್ನ ಮೊದಲನೇ ದೊಡ್ಡ ಸುಳ್ಳು.

ಇಂಡಿ ದಾರಿ ಅಂದ್ರ ತಗ್ಗು ದಿನ್ನಿ. ಮೊದಲನೇ ತಗ್ಗಿಗೆ ರೆಕ್ಕಿ ಧಪ್ ಅಂತ ಟ್ರೇಲರ್ ಪಟ್ಟಿಗೆ ಬಡೀತು. ಮುರಿ ಮುರಿ ಅಂತ ಮನಸಿನಾಗ ಅನ್ನೂದು, ಬಡದಾಗೊಮ್ಮೆ ನನ್ನ ಹೊಲಿಗಿ ಮ್ಯಾಲೆ ಕೈ ಇಡೂದು. ಎಂಜಿನ್ ಸಪ್ಪಳದಾಗ ಮುಂದ ಕುಂತವರಿಗೆ ಏನೂ ಕೇಳಸ್ತಿರಲಿಲ್ಲ. ಎರಡು ಮೈಲಿ ಹಿಂಗ ಹೋತು. ಒಂದು ಹಳ್ಳ ದಾಟೂ ಮುಂದ ರೆಕ್ಕಿ ಒಳಗ ಟಕ್ ಅಂತು. ದೊಡ್ಡ ಸಪ್ಪಳಲ್ಲ, ಕಡ್ಡಿ ಮುರದಂಗ. ಬಟ್ಟಿ ಹರೀಲಿಲ್ಲ, ಹೊರಗ ಏನೂ ಕಾಣಲಿಲ್ಲ.

ಆಗ ನನಗ ತಿಳೀತು ನಾ ಏನು ಮಾಡೇನಿ ಅಂತ. ಪೂರಾ ಮುರದಿದ್ರ ಇವರು ಹಾರತಿರಲಿಲ್ಲ. ಈಗ ಒಳಗ ಮುರದೈತಿ, ಮ್ಯಾಲೆ ಚಂದ ಐತಿ. ಇವರು ಹಾರಾವ್ರ. ಉಳಸಾಕ ಹೋದಾಕಿ ನಾನ ಕೊಲ್ಲಾಕಿ ಆಗಿದ್ದೆ. ಹೇಳಿದ್ರ ಗಂಡನ ಕಣ್ಣಾಗ ಕಳ್ಳಿ, ಹೇಳದಿದ್ರ ರಂಡಮುಂಡಿ. ಅತ್ತ ದರಿ ಇತ್ತ ಪುಲಿ. ಓಡೂ ಟ್ರೇಲರಿನಾಗ ಹಗ್ಗ ಜಗ್ಗಿ ಬಿಗಿ ಮಾಡಿದೆ, ಬೆರಳು ಸಿಕ್ಕು ಉಗುರು ನೀಲಿ ಆತು. ನಾಕು ಮೈಲಿಗೆ ನಿಂತಾಗ ಇವರು ಬೆರಳು ಹಾಕಿ ನೋಡಿ "ಭೇಷ್ ನೋಡ್ಕೊಂಡಿ" ಅಂದ್ರು. ನನಗ ಅಳು ಬಂತು, ಕಣ್ಣಾಗ ಧೂಳಿ ಬಿತ್ತು ಅಂದೆ.

ಝಳಕಿ ಬಯಲಿಗೆ ಬಂದಾಗ ಹೊತ್ತು ಇನ್ನೂ ಎತ್ತರಿತ್ತು. ರೆಕ್ಕಿ ಇಳಿಸಿದ್ರು, ಅಂಗೈಲೆ ಸವರಿದ್ರು, ಏನೂ ಸಿಗಲಿಲ್ಲ. "ಸಂಜಿಗೆ ಗಾಳಿ ಬೀಳತೈತಿ, ಒಂದು ಸುತ್ತು ನೋಡೂಣು" ಅಂತ ಪಾನಾ ತಗದು ರೆಕ್ಕಿಗೆ ಬೋಲ್ಟ್ ಹಾಕಾಕ ಕುಂತ್ರು. ನಾ ಟ್ರೇಲರ್ ಸುತ್ತ ತಿರಗತಿದ್ದೆ, ಗಾಣದ ಎತ್ತಿನಂಗ. ಮೂರನೇ ಬೋಲ್ಟಿಗೆ ಕೈ ಹಾಕಿದಾಗ ತಡೀಲಿಲ್ಲ.

"ಹಾಕಬ್ಯಾಡ್ರಿ. ಒಳಗ ಮುರದೈತಿ. ಸಿಂದಗ್ಯಾಗ ಹಗ್ಗ ನಾನ ಸಡಿಲ ಮಾಡಿದ್ದೆ."

ಮಲ್ಲಪ್ಪ "ಅಯ್ಯ ಯವ್ವಾ" ಅಂದವನ ನೀರು ತರತೇನಿ ಅಂತ ಕೊಡಾ ಬಿಟ್ಟು ಬಾವಿ ಕಡೆ ಹೋದ. ಇವರು ಪಾನಾ ಕೆಳಗಿಟ್ರು. ಗಡ್ಡದ ಬ್ಲೇಡು ತಗದು, ಟಕ್ ಅಂದದ್ದು ಎಲ್ಲಿ ಅಂತ ಕೇಳಿ, ನನ್ನ ಹೊಲಿಗಿ ಗುಂಟ ಒಂದು ಗೇಣು ಸೀಳಿದ್ರು. ಒಳಗ ಒಂದು ಪಕ್ಕೆಲಬು ಸೀಳಿತ್ತು. ಬೆರಳಿಲೆ ಅದನ್ನ ಮುಟ್ಟಿ ನೋಡಿದ್ರು.

"ಯಾಕ?"

"ನೀವು ಹಾರಬಾರದಂತ."

"ಬಾಯಿಲೆ ಹೇಳಬೇಕಿತ್ತಲ್ಲ."

"ಹೇಳಿದ್ರ ಕೇಳತಿದ್ರೇನು?"

ವಿಚಾರ ಮಾಡಿದ್ರು. "ಇಲ್ಲ" ಅಂದ್ರು. ಮನಿಷಾ ಸುಳ್ಳು ಹೇಳಾವ್ರಲ್ಲ, ಅದ ಅವರ ತ್ರಾಸು.

ಬಿದರಿನ ಸೀಳು ಇಟ್ಟು, ಕಟಗಿ ಅಂಟಿಸೂ ಸರಸ ಹಚ್ಚಿ, ದಾರ ಸುತ್ತಿದ್ರು. ಒಣಗಾಕ ಮರುದಿನ ಮುಂಜಾನಿತನಕ ಬಿಡಬೇಕಾತು. ಮುಂಜಾನೆ ಒತ್ತಿ ನೋಡಿ, ಗಟ್ಟಿ ಆಗೈತಿ ಅಂದು, ಸೂಜಿ ದಾರ ತಂದು ನನ್ನ ಕೈಯಾಗ ಕೊಟ್ರು.

"ಎಲಬು ನಾ ಕೂಡಸೇನಿ. ಬಟ್ಟಿ ನಿಂದು. ನೀ ಹೊಲೀದಿದ್ರ ನಾ ಹಾರೂದಿಲ್ಲ. ಮತ್ತ ಹೇರಿ ವಾಪಸ್ ಹೋಗೂಣು, ಯಾರ ಮುಂದೂ ಹೇಳೂದಿಲ್ಲ. ಸಿಟ್ಟೂ ಇಲ್ಲ."

ನೋಡ್ರಿ, ನಾ ಬೇಡಿದ್ದು ನನ್ನ ಕೈಯಾಗ ಬಂದಿತ್ತು. ಸುಮ್ನ ಕುಂತಿದ್ರ ಮುಗೀತು. ಇವರು ಆ ಕಡೆ ಹೋಗಿ ನನಗ ಬೆನ್ನು ಮಾಡಿ ಕುಂತ್ರು. ಆ ಬೆನ್ನು ನೋಡಿದೆ. ಅಂಗಿ ಭುಜದ ಹತ್ರ ಹರದಿತ್ತು. ವರ್ಷಗಟ್ಟಲೆ ಹಿತ್ತಲದಾಗ ಬಗ್ಗಿ ಕುಂತ ಬೆನ್ನು. ಅದನ್ನ ಹಂಗ ಟ್ರೇಲರ್ ಮ್ಯಾಲೆ ಕುಂದ್ರಿಸಿಕೊಂಡು ಬಾಗೇವಾಡಿಗೆ ಹೋಗೂದು ನನ್ನ ಕಡಿಂದ ಆಗೂ ಕೆಲಸಲ್ಲ ಅಂತ ಅನಸ್ತು.

"ಎಷ್ಟು ಸಣ್ಣ ಟಾಕಿ ಹಾಕಲಿ?" ಅಂತ ಕೂಗಿದೆ.

ಇವರು ತಿರುಗಲಿಲ್ಲ. ಅಂಗಿ ತೋಳಿಲೆ ಮಾರಿ ಒರಸ್ಕೊಂಡ್ರು. "ನಿನಗ ಧೈರ್ಯ ಬರೂವಷ್ಟು" ಅಂದ್ರು.

ಆ ಒಂದು ಗೇಣಿಗೆ ನಾ ಹಾಕಿದಷ್ಟು ಟಾಕಿ ಜಗತ್ತಿನಾಗ ಯಾರೂ ಹಾಕಿರಲಿಕ್ಕಿಲ್ಲ. ಮ್ಯಾಲೆ ಪಟ್ಟಿ ಅಂಟಿಸಿ, ವಾರ್ನಿಸ್ ಬಳದು, ಬಿಸಲಿಗೆ ಒಣಗಿಸಿ ಇವರು ಹಾರಿದ್ರು. ಎರಡು ಬೇವಿನ ಗಿಡದಷ್ಟು ಎತ್ತರ, ಬಯಲಿನ ಒಂದು ಸುತ್ತು. ಎರಡು ರೊಟ್ಟಿ ಬೇಯೂವಷ್ಟು ಹೊತ್ತು. ಮಲ್ಲಪ್ಪ ರುಮಾಲು ಬಿಚ್ಚಿ ಬೀಸಾಕತ್ತಿದ್ದ. ನಾ ಇವರ ಮಾರಿ ನೋಡಲಿಲ್ಲ, ಎಡಗಡೆ ರೆಕ್ಕಿ ನೋಡಿದೆ. ಇಳದಮ್ಯಾಲೆ ಓಡಿ ಹೋಗಿ ಆ ಒಂದು ಗೇಣು ಹೊಲಿಗಿ ಮ್ಯಾಲೆ ಬೆರಳಾಡಿಸಿ ನೋಡಿದೆ. ಅದಾದಮ್ಯಾಲೆ ಎಂಜಿನ್ ಕೈಕೊಟ್ಟಿತು, ವಿಮಾನ ಮತ್ತ ಹಾರಲಿಲ್ಲ.

ಈಗ ಇವರಿಗೆ ಎಪ್ಪತ್ತೈದು. ಕಿವಿ ಮಂದ. ಹೋದ ವಾರ, ಆಮ್ಯಾಲೆ ಹುಟ್ಟಿದ ನಮ್ಮ ಮಗ ಇವರ ಸ್ಕೂಟರಿನ ಚಾವಿ ನನ್ನ ಕೈಯಾಗ ಕೊಟ್ಟು "ಮುಚ್ಚಿಡಬೇ, ಕೇಳಿದ್ರ ಗೊತ್ತಿಲ್ಲ ಅನ್ನು" ಅಂದಿದ್ದ. ಒಂದು ವಾರ ಗೊತ್ತಿಲ್ಲ ಅಂದೆ. ಇವರು ದಿನಾ ಹಾಸಿಗಿ ಝಾಡಿಸಿ ಹುಡುಕೂದು, ನಾ ದಿನಾ ಒಳಗ ಹೊರಗ ಓಡ್ಯಾಡೂದು. ಇವತ್ತ ತಡೀಲಿಲ್ಲ. ಚಾವಿ ತಗದು ಮುಂದ ಇಟ್ಟೆ.

"ಹಿಂದ ಲಾರಿ ಬಂದ್ರ ನಿಮಗ ಕೇಳಸೂದಿಲ್ಲ. ನನಗ ಅಂಜಿಕಿ ಬರತೈತ್ರಿ" ಅಂತ ಬಾಯಿಬಿಟ್ಟು ಹೇಳಿದೆ.

ಇವರು ಚಾವಿ ನೋಡಿದ್ರು, ನನ್ನ ನೋಡಿದ್ರು. "ವಿಮಾನದಾಗ ಒಂದ ಸೀಟಿತ್ತು" ಅಂದ್ರು. "ಇದರಾಗ ಎರಡದಾವ. ಹಿಂದ ಕುಂದ್ರು. ಲಾರಿ ಬಂದ್ರ ಬೆನ್ನಿಗೆ ಗುದ್ದು."

ಬಾಗಿಲದಾಗ ಹಾರನ್ ಹೊಡ್ಯಾಕತ್ತಾರ. ಬಂದೆ ತಡೀರಿ, ಸೆರಗು ಸಿಗಸ್ಕೊತೇನಿ.