ನಾನು ಒತ್ತದ ಒಪ್ಪಿಗೆ

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಕೂರುವುದಿಲ್ಲ, ಎದುರುಮಾತಂತೂ ಇಲ್ಲವೇ ಇಲ್ಲ. ಇಂಥ ಮನೆಯ ಈರುಳ್ಳಿ ವ್ಯಾಪಾರದ ಖಾತೆಯಲ್ಲಿ ಬ್ಯಾಂಕಿನವರು ನನ್ನನ್ನು ಭಾವನ ಮೇಲೆ ಕಾವಲು ಕೂರಿಸಿದ್ದರು. ಗಂಡ ಸದಾ ಲಾರಿಯಲ್ಲಿ, ಹಾಗಾಗಿ ಪಾಲುದಾರಳೆಂದು ನನ್ನ ಹೆಸರು ಸೇರಿತ್ತು. ಯಾರಿಗೆ ಎಷ್ಟು ಎಂದು ಭಾವ ತಮ್ಮ ಫೋನಿನಲ್ಲಿ ಹಾಕಬೇಕು, ನಾನು ನನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು, ಆಮೇಲೇ ದುಡ್ಡು ಹೋಗುವುದು. ಒಗ್ಗರಣೆಯ ಮಧ್ಯೆ ಸೆರಗಿಗೆ ಕೈ ಒರೆಸಿಕೊಂಡು ಒತ್ತುತ್ತಿದ್ದೆ.

ಆ ದಿನ ನಮ್ಮ ಹೊಲಕ್ಕೆ ಬೇಕಾದ ಬಿತ್ತನೆ ಈರುಳ್ಳಿಯ ಪಾವತಿ. ಚಾಮರಾಜನಗರದ ವ್ಯಾಪಾರಿಯೊಬ್ಬರು ಪ್ರತಿವರ್ಷ ನಮಗೆ ಗೆಡ್ಡೆ ಕೊಡುವವರು. ಅವರ ನಂಬರಿನಿಂದಲೇ ಭಾವನಿಗೆ ವಾಟ್ಸಾಪಿನಲ್ಲಿ ಮೆಸೇಜು ಬಂದಿತ್ತು: ಹಳೆಯ ಖಾತೆ ನಿಂತಿದೆ, ಈ ಹೊಸದಕ್ಕೆ ಹಾಕಿ, ಸಂಜೆಯೊಳಗೆ ಬರದಿದ್ದರೆ ಗೆಡ್ಡೆ ಬೇರೆಯವರಿಗೆ. ಭಾವ ತಮ್ಮ ಫೋನಿನಲ್ಲಿ ಹಾಕಿಯೇಬಿಟ್ಟಿದ್ದರು, ನನ್ನ ಒಪ್ಪಿಗೆಯೊಂದೇ ಬಾಕಿ. ಖಾತೆಯಲ್ಲಿದ್ದುದೆಲ್ಲ ಆ ಒಂದು ಪಾವತಿಗೆ ಹೋಗುತ್ತಿತ್ತು. ಆ ದುಡ್ಡು ಕೈತಪ್ಪಿದರೆ ಈ ಸಲ ಬಿತ್ತನೆಯೇ ಇಲ್ಲ.

ನನಗೆ ಕಸಿವಿಸಿಯಾದದ್ದು ಒಂದಕ್ಕೇ. ಆ ಮನುಷ್ಯ ಜನ್ಮದಲ್ಲಿ ಟೈಪು ಮಾಡಿದವರಲ್ಲ. ಗಾಡಿ ಬಂತಾ ಎಂದು ಕೇಳುವುದಕ್ಕೂ ಮಾತನ್ನೇ ರೆಕಾರ್ಡು ಮಾಡಿ ಕಳಿಸುವವರು, ಅದೂ ನಡುನಡುವೆ ಕೆಮ್ಮುತ್ತ. ಫೋನು ಮಾಡಿದೆ, ಎಂಗೇಜು. ಮತ್ತೆ ಮಾಡಿದೆ, ಎಂಗೇಜು.

“ಅತ್ತೆ, ಒಂದ್ ಮಾತು ಗೆಡ್ಡೆಯವ್ರ ಬಾಯಿಂದ್ಲೇ ಕೇಳುಸ್ಬುಡಿ, ಒತ್ತೀನಿ,” ಎಂದೆ ಅಡುಗೆಮನೆ ಬಾಗಿಲಿನಿಂದ. ಹೇಳಿದ್ದು ಅತ್ತೆಗೆ, ತಲುಪಬೇಕಾದದ್ದು ಜಗಲಿಯಲ್ಲಿದ್ದ ಭಾವನಿಗೆ.

“ಅವ್ನ ಮಗ ಬರ್ದಿರ್ತಾನೆ ಕಣಮ್ಮಿ,” ಎಂದರು ಭಾವ. “ನಮ್ಮನೇಲಿ ಉಂಡೋದೋನ್ನ ಕಳ್ಳ ಅಂದಂಗಾಯ್ತದೆ. ಒತ್ತು.”

ಅವರು ಜಗಲಿಯಿಂದ ಏಳಲಿಲ್ಲ. ಅತ್ತೆ ಒಲೆ ಬಿಟ್ಟು ಬಂದು, ನಾನು ಒತ್ತುವುದನ್ನೇ ಕಾಯುತ್ತ ಪಕ್ಕ ನಿಂತರು. ಗಂಡನನ್ನು ಕೇಳೋಣವೆಂದರೆ ಅವರು ಕೇರಳಕ್ಕೆ ಲೋಡು ಹೇರಿಕೊಂಡು ಬಂಡೀಪುರದ ಕಾಡಿನಲ್ಲಿದ್ದರು, ಅಲ್ಲಿ ಸಿಗ್ನಲ್ ಎಲ್ಲಿಯದು.

ಕಾಡು ದಾಟಿದ ಮೇಲೆ ಅವರೇ ಫೋನು ಮಾಡಿದರು. ಎಲ್ಲ ಹೇಳಿಕೊಂಡೆ.

“ಅಣ್ಣ ಒತ್ತು ಅಂದ್ಮೇಲೆ ಒತ್ಬುಡು. ನಿಂಗ್ಯಾಕಮ್ಮಿ ಇಲ್ದ ಉಸಾಬರಿ?”

ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒತ್ತಿ ದುಡ್ಡು ಹೋದರೆ ಒತ್ತಿದವಳು ನಾನು. ಒತ್ತದೆ ಗೆಡ್ಡೆ ಹೋದರೆ ಮನೆ ಹಾಳು ಮಾಡಿದವಳೂ ನಾನೇ. ಫೋನನ್ನು ಮಡಿಲಲ್ಲಿಟ್ಟುಕೊಂಡು ರಾಗಿಹಿಟ್ಟಿನ ಡಬ್ಬದ ಪಕ್ಕ ಕುಳಿತುಬಿಟ್ಟೆ. ಏನಾದರೂ ಅನ್ನಲಿ, ಒತ್ತುವುದಿಲ್ಲ ಎಂದುಕೊಂಡೆ.

ಭಾವ ಬೈದು ಬೈದು ಸಾಕಾಗಿ ಬೈಕು ಹತ್ತಿದರು. “ಅವ್ನತ್ರನೇ ಓಗಿ ಮಾನ ಕಳ್ಕಂಡ್ ಬತ್ತೀನಿ,” ಎಂದು ಚಾಮರಾಜನಗರಕ್ಕೆ ಹೊರಟರು.

ಸಂಜೆ ಬಂದವರು ನನ್ನ ಕಡೆ ತಿರುಗಲೂ ಇಲ್ಲ. ಅತ್ತೆಯ ಹತ್ತಿರ ಹೇಳಿದರು: “ಯಾರೋ ಬೆಳಿಗ್ಗೆನೇ ಅವ್ನ ವಾಟ್ಸಾಪು ಕಿತ್ಕಂಡವ್ರೆ. ದುಡ್ಡ ಆಕ್ಬ್ಯಾಡಿ ಅಂತ ಎಲ್ರಿಗೂ ಫೋನ್ ಮಾಡ್ಕಂಡ್ ಕೂತವ್ನೆ. ಇಬ್ರು ಆಗ್ಲೇ ಆಕ್ಬುಟ್ಟವ್ರೆ.”

ಈಗಲಾದರೂ ನನ್ನ ಬಗ್ಗೆ ಒಂದು ಮಾತು ಬರುತ್ತದೆ ಎಂದು ಬಾಗಿಲಲ್ಲೇ ನಿಂತೆ. ಬಂತು.

“ನಾಳೆ ಬ್ಯಾಂಕಿಗೋಗಿ ಇವ್ಳ ಎಸ್ರು ತೆಗಿಸ್ಬುಡನ ಕಣವ್ವ. ಎಂಗಸ್ರ ಒಪ್ಗೆ ಕೇಳ್ಕಂಡು ನಾನು ವ್ಯಾಪಾರ ಮಾಡಕಾಯ್ತದಾ?”

ಹೆಸರು ತೆಗೆಯುವುದಕ್ಕೂ ನನ್ನ ರುಜು ಬೇಕಂತೆ. ಹಾಕು ಹಾಕು ಎಂದು ಅತ್ತೆ ದಿನಾ ಹೇಳುತ್ತಾರೆ, ಗಂಡ ಲಾರಿಯಿಂದಲೂ ಫೋನು ಮಾಡಿ ಹೇಳುತ್ತಾರೆ. ನಾನು ಇನ್ನೂ ಹಾಕಿಲ್ಲ.